ಮಾಲಕರ ಸಾಮಾನು, ನಮ್ಮ ಮರ್ಯಾದಿ

ಬಾಡಗಿ ಮನಿಯಾಗ ಇರೋರ ಹಣೇಬರಾನ ಇಷ್ಟು ನೋಡ್ರಿ. ಊರು ಬದಲಾಗ್ತೈತಿ, ಮಾಲಕ ಬದಲಾಗ್ತಾನ, ಹರದ ಗಾದಿ ಮಾತ್ರ ಬದಲಾಗಂಗಿಲ್ಲ. ಇಂಥಾವೆಲ್ಲ ನನಗೊಬ್ಬಾಕಿಗೇ ಯಾಕ ಆಗ್ತಿದ್ದವೋ, ಆ ದೇವರಿಗೇ ಗೊತ್ತು.

ನಾನು ಸರಕಾರಿ ಹೈಸ್ಕೂಲಿನ್ಯಾಗ ಗಣಿತ ಕಲಸತಿದ್ದೆ. ನಮ್ಮ ಕಡೆ ಹೆಣ್ಣ ಮಾಸ್ತರಿಗೆ ‘ಬಾಯಾರ’ ಅಂತಾರ. ಎಂಬತ್ತರ ದಶಕದಾಗ ಶುರು ಆದ ನನ್ನ ತಿರಗಾಟ ತೊಂಬತ್ತು ದಾಟಿದ್ರೂ ಮುಗೀಲಿಲ್ಲ. ನಿಪ್ಪಾಣಿ, ಅಥಣಿ, ಚಿಕ್ಕೋಡಿ, ಕಾಗವಾಡ, ರಾಯಬಾಗ, ಗಂಟು ಕಟ್ಟು, ಗಂಟು ಬಿಚ್ಚು. ಊರೂರಿಗೆ ಮಂಚ-ಕಪಾಟ ಹೊತಗೊಂಡು ತಿರಗೂದು ಯಾರ ಕೈಲಿ ಆಗ್ತೈತಿ? ಅದಕ್ಕ ಸಾಮಾನು ಇದ್ದ ಮನೀನ ಹುಡಕತಿದ್ವಿ. ಎಲ್ಲಾ ಮಾಲಕ್ರೂ ಹೇಳೋ ಮಾತು ಒಂದ: “ಎಲ್ಲಾ ಸಾಮಾನು ಐತ್ರಿ ಬಾಯಾರ, ನೀವು ಬರೇ ಬಂದು ಇರ್ರಿ.” ಸಾಮಾನು ಇರತಿತ್ತು, ಖರೇ. ಅದರ ಮ್ಯಾಲ ಕುಂಡ್ರಾಕ ಬರತಿರಲಿಲ್ಲ.

ನಾನು, ನಮ್ಮನಿಯವ್ರು ಇಬ್ಬರ ಇದ್ದಿದ್ರ ಹೆಂಗೋ ನಡೀತಿತ್ತು. ಆದ್ರ ಅವ್ವ ತೀರಕೊಂಡ ಮ್ಯಾಲ ನನ್ನ ತಂಗಿ ನನ್ನ ಹಂತೇಲೆ ಇದ್ಲು. ಆಕಿಗೊಂದು ಚೊಲೊ ಮನಿ ನೋಡಿ ಮದುವಿ ಮಾಡೂದು ನನ್ನ ತಲಿಮ್ಯಾಲಿನ ಭಾರ. ಕನ್ಯಾ ನೋಡಾಕ ಬರೋ ಮಂದಿ ಮೊದಲ ಹುಡುಗಿ ಮಾರಿ ನೋಡಂಗಿಲ್ರಿ. ತಾವು ಕುಂಡ್ರೂ ಜಾಗಾ ನೋಡ್ತಾರ. ಹಿಂಗಾಗಿ ಯಾವನೋ ಮಾಲಕನ ಹರಕ ಸಾಮಾನಿನ ಮ್ಯಾಲ ನನ್ನ ತಂಗಿ ನಸೀಬು ಕುಂತಿತ್ತು. ಸಿಟ್ಟು ಬರೂದಿಲ್ಲೇನ್ರಿ?

ನಿಪ್ಪಾಣಿಯ ಗಾದಿ

ನಿಪ್ಪಾಣಿಗೆ ಹೋದಾಗ ತಂಗಿ ಇನ್ನೂ ಕಾಲೇಜು ಕಲೀತಿದ್ಲು, ಅದಕ್ಕ ಅಲ್ಲಿ ಹೋದದ್ದು ಆಕಿ ಮರ್ಯಾದಿ ಅಲ್ಲ, ನಂದು.

ಮಾಲಕ್ರು ತಂಬಾಕದ ವ್ಯಾಪಾರಸ್ಥರು. ಮನ್ಯಾಗ ಒಂದು ಡಬಲ್ ಮಂಚ, ಅದರ ಮ್ಯಾಲ ಒಂದು ಗಾದಿ. ಗಾದಿ ಅಂದ್ರ ಹೆಸರಿಗೆ. ಅರಳಿ ಎಲ್ಲಾ ಗಂಟು ಗಂಟಾಗಿ ಒಂದ ಮೂಲಿಗೆ ಸರದು ಕುಂತಿತ್ತು. ಮಲಕೊಂಡು ಎದ್ರ ಬೆನ್ನಾಗ ಯಾರೋ ಗುದ್ದಿದಂಗ ಆಗ್ತಿತ್ತು. “ಪಿಂಜಾರನ್ನ ಕರಸಿ ಅರಳಿ ಹಿಂಜಿಸಿ, ಹೊಸಾ ಗಲೀಫ ಹಾಕಿಸಿ ಕೊಡ್ರಿ” ಅಂತ ಕೇಳಿಕೊಂಡೆ. “ಅಯ್ಯ, ಅದೇನ ದೊಡ್ಡ ಮಾತ್ರಿ ಬಾಯಾರ!” ಅಂದು ಗಾದಿ ಹೊರಿಸಿಕೊಂಡು ಹೋದ್ರು.

ಹೋದದ್ದು ಹೋತು. ನಾವು ಚಾಪಿ ಮ್ಯಾಲ ಮಲಗಿ ಮಲಗಿ ಸಾಕಾದ ಮ್ಯಾಲ ಬಂತು. ನೋಡಾಕ ಏನ್ ಚಂದ ಅಂತೀರಿ! ಮೆತ್ತಗ, ಉಬ್ಬಿಕೊಂಡು, ನೀಲಿ ಪಟ್ಟಿ ಪಟ್ಟಿ ಗಲೀಫ. ಖುಷಿಲೇ ಮಲಕೊಂಡ್ವಿ. ಮಲಕೊಂಡ ಕೂಡ್ಲೆ ನಾನು ಸೀನಿದೆ. ನಮ್ಮನಿಯವ್ರು ಸೀನಿದ್ರು. ಬಾಜೂಕ ಕುಂತು ಓದಾಕತ್ತಿದ್ದ ತಂಗಿನೂ ಸೀನಿದ್ಲು. ಮಾಲಕ್ರ ಕಡೆ ಓಡಿದೆ. ಅವ್ರು ಶಾಂತರಾಗಿ ಹೇಳಿದ್ರು: “ಪಿಂಜಾರ ಊರಾಗ ಇರ್ಲಿಲ್ರಿ. ಅವನು ಬರೂತನಕ ಗಾದಿನ ಗೋದಾಮಿನ್ಯಾಗ ತಂಬಾಕದ ಚೀಲದ ಮ್ಯಾಲ ಇಟ್ಟಿದ್ದೆ. ಚಿಂತಿ ಮಾಡಬ್ಯಾಡ್ರಿ, ಈ ವಾಸನಿಗೆ ತಗಣಿ ಹತ್ತರ ಬರಂಗಿಲ್ಲ.”

ತಗಣಿ ಬರಲಿಲ್ಲ, ಮಾತು ಖರೇ. ನನ್ನ ಗೆಳತ್ಯಾರೂ ಬರಲಿಲ್ಲ.

ನಮ್ಮನಿಯವ್ರು ಹುಟ್ಟಿದಾಗಿಂದ ಅಡಕಿ ಹೋಳು ಸುದ್ದಾ ಬಾಯಾಗ ಹಾಕಿದವರಲ್ಲ. ಆ ಗಾದಿ ಮ್ಯಾಲ ಒಂದು ವರ್ಷ ಮಲಗಿದ್ರು. ದೀಪಾವಳಿಗೆ ನಮ್ಮ ಅತ್ತಿ ಮನಿಗೆ ಹೋದ್ವಿ. ಅಲ್ಲಿ ಸ್ವಚ್ಛ ಹಾಸಿಗಿ, ತೊಳದ ಚಾದರ, ಈ ಮನಷ್ಯಾಗ ನಿದ್ದೀನ ಬರವಲ್ದು! ಹೊಳ್ಳ್ಯಾಡಿ ಹೊಳ್ಳ್ಯಾಡಿ, ಮರದಿವಸ ಪ್ಯಾಟಿಗೆ ಹೋಗಿ ಒಂದು ತಂಬಾಕದ ಪುಡಿಕಿ ತಂದು ತಲಿದಿಂಬಿನ ಕೆಳಗ ಇಟಗೊಂಡು ಮಲಗಿದ್ರು. ಗೊರಕಿ ಹೊಡದು ಮಲಗಿದ್ರು.

ಮುಂಜಾನೆ ಹಾಸಿಗಿ ತಗೀಬೇಕಂತ ಬಂದ ನಮ್ಮ ಅತ್ತಿ ಕೈಗೆ ಆ ಪುಡಿಕಿ ಸಿಕ್ತು. ನನ್ನ ಮಾರಿ ನೋಡಿದ್ರು. “ಮದುವಿಗಿಂತ ಮೊದಲ ನನ್ನ ಮಗಾ ಹಿಂಗ ಇರಲಿಲ್ಲವ್ವಾ” ಅಂದ್ರು.

ಅಥಣಿಯ ಜಮಖಾನಿ

ಅಥಣಿ ಮಾಲಕ್ರು ದ್ರಾಕ್ಷಿ ತ್ವಾಟದವ್ರು. ಅವರ ಮನ್ಯಾಗ ಖುರ್ಚಿ ಇರಲಿಲ್ಲ, ಹಾಲ್ ತುಂಬ ಹಾಸೂವಂಥಾ ಒಂದು ಜಮಖಾನಿ ಇತ್ತು. ಕೆಂಪೋ ಕರೇನೋ ತಿಳೀತಿರಲಿಲ್ಲ, ಅಷ್ಟು ಹೊಲಸಾಗಿತ್ತು. ಮನಿಯಾಗ ಅದನ್ನ ತೊಳಿಯಾಕ ಬರೂದಿಲ್ಲ, ನೀರು ಕುಡದ್ರ ನಾಕು ಮಂದಿ ಎತ್ತಬೇಕು.

ಅಷ್ಟರಾಗ ತಂಗಿ ಡಿಗ್ರಿ ಮುಗೀತು, ಮೊದಲನೇ ಕನ್ಯಾ ನೋಡೂ ಕಾರ್ಯಕ್ರಮ ಗೊತ್ತಾತು. ನಾನು ಮಾಲಕ್ರ ಬೆನ್ನ ಹತ್ತಿದೆ. “ಬೀಗರು ಬರೂರದಾರ್ರಿ. ಜಮಖಾನಿ ತೊಳಿಸಿ ಕೊಡ್ರಿ, ಇಲ್ಲಂದ್ರ ಹೊಸಾದು ಹಾಸ್ರಿ.”

“ತ್ವಾಟದ ಬಾವಿ ಮ್ಯಾಲ ಮೋಟರ್ ಹಚ್ಚಿ ತೊಳಿಸಿ ತರತೀನ್ರಿ. ಹೊಸಾದರಗತೆ ಆಗಬೇಕು, ನೋಡ್ತಿರ್ರಿ.”

ಬೀಗರು ಬರೂ ದಿವಸ ಮುಂಜಾನೆ ಮಡಚಿದ ಜಮಖಾನಿ ಬಂತು. ತೊಳದದ್ದು ಸುಳ್ಳಲ್ಲ, ಬಣ್ಣ ಎದ್ದು ಕಾಣತಿತ್ತು. ಗಡಿಬಿಡಿಯಾಗ ಹಾಸಿದ್ವಿ, ಬೀಗರು ಬಂದು ಕುಂತ್ರು. ಹುಡುಗನ ಅಜ್ಜ ಬೆಳ್ಳನ್ನ ಧೋತರ ಉಟಗೊಂಡು ನಡಬರಕ ಕುಂತಿದ್ರು. ತಂಗಿ ಚಹಾ ಕೊಟ್ಲು, ಹೆಸರ ಹೇಳಿದ್ಲು, ಎಲ್ಲಾ ಛಲೋ ನಡದಿತ್ತು. ಅಷ್ಟೊತ್ತಿಗೆ ನಾಕೂ ಕಡೆಯಿಂದ ಇರಿವಿ ಹೊಂಟವ್ರಿ! ಒಂದು ಸಾಲ ಹುಡುಗನ ತಾಯಿ ಸೀರಿ ಕಡೆ, ಒಂದು ಸಾಲ ಅಜ್ಜನ ಕಡೆ. “ಏ, ಏಳ್ರಿ, ಏಳ್ರಿ!” ಅಂತ ಎಲ್ಲಾರೂ ಎದ್ರು. ಅಜ್ಜ ಎದ್ರು. ಅವರ ಜೋಡಿ ಜಮಖಾನಿನೂ ಎದ್ದಿತು.

ಆಮ್ಯಾಲ ತಿಳೀತು ಕತಿ. ಮಾಲಕ್ರು ಜಮಖಾನಿ ತೊಳದು ತ್ವಾಟದಾಗ ಒಣ ಹಾಕಿದ್ರಂತ. ಹಾಸಿದ್ದು ಸುಮ್ಮನ ಯಾಕ ಹಾಳಾಗಬೇಕು ಅಂತ ಅದರ ಮ್ಯಾಲ ದ್ರಾಕ್ಷಿ ಹರವಿ ಒಣಗಿಸ್ಯಾರ! ಮ್ಯಾಲ ಒಣದ್ರಾಕ್ಷಿ ತಯಾರಾಗ್ಯಾವು, ಕೆಳಗ ನಮ್ಮ ಜಮಖಾನಿ ಪಾಕ ಕುಡದೈತಿ.

ನಾನು ಹೋಗಿ ಮಾಲಕ್ರಿಗೆ ಬಾಯಿಗೆ ಬಂದಂಗ ಅಂದೆ. ಅವ್ರಿಗೇನು ನಾಚಿಕಿ? ಒಂದು ಬೊಗಸಿ ಒಣದ್ರಾಕ್ಷಿ ನನ್ನ ಕೈಯಾಗ ಹಾಕಿ ಅಂದ್ರು: “ತಿಂದು ನೋಡ್ರಿ ಬಾಯಾರ, ಸಿಟ್ಟು ಇಳೀತೈತಿ. ನಿಮ್ಮ ಜಮಖಾನಿ ಮ್ಯಾಲಿನವು.”

ಚಿಕ್ಕೋಡಿಯ ಜೋಕಾಲಿ

ಚಿಕ್ಕೋಡಿ ಮನಿ ಹಾಲಿನ್ಯಾಗ ತೊಲಿಗೆ ಕಟ್ಟಿದ ಒಂದು ದೊಡ್ಡ ಜೋಕಾಲಿ ಇತ್ತು. ಅದರ ಸರಪಳಿಗೆ ತುಕ್ಕು. ತೂಗಿದ್ರ ಓಣಿಗೆಲ್ಲ ಕೇಳೂವಂಗ ಕಿರ್ರ ಕಿರ್ರ ಅಂತಿತ್ತು. ಹಲಗಿ ನಡುವ ಸೀಳಿ, ಕುಂತವರ ತೊಡಿ ಚಿವುಟತಿತ್ತು.

ಮಾಲಕ್ರು ವಯಸ್ಸಾದ ಅಜ್ಜ, ಬಾಜೂ ಮನ್ಯಾಗ ಇದ್ರು. ದಿನಾ ಸಂಜಿಗೆ ಕೇಳದ ಹೇಳದ ಒಳಗ ಬಂದು ಜೋಕಾಲಿ ಮ್ಯಾಲ ಕುಂತು ತೂಗಿಕೊಳ್ಳೂದು. ನಾವು ಚಹಾ ಕೊಡೂದು. ಒಂದಿನ ಕೇಳೇ ಬಿಟ್ಟೆ: “ಅಜ್ಜಾರ, ಹಲಗಿ ಬದಲಿ ಮಾಡಸ್ರಿ. ಸರಪಳಿಗೆ ಎಣ್ಣಿನರ ಬಿಡ್ರಿ.”

“ಏ, ಅದು ನಮ್ಮ ಅಪ್ಪ ಕುಂತ ಹಲಗಿ ಐತಿ. ಬದಲಿ ಮಾಡಾಕ ಬರಂಗಿಲ್ಲ.”

“ಹಂಗಾರ ನಿಮ್ಮ ಮನಿಗೆ ಒಯ್ದು ಕಟಗೋರಿ.”

“ನಮ್ಮನಿ ತೊಲಿ ಹಳೇವು ಬಾಯಾರ, ತಡಿಯಂಗಿಲ್ಲ.”

“ಬಾಡಗಿ ಮನ್ಯಾಗ ನಾವು ಅದಿವಲ್ಲ, ಅಜ್ಜಾರ?”

“ಮನಿ ನಿಮಗ ಕೊಟ್ಟೀನಿ. ಜೋಕಾಲಿ ಎಲ್ಲಿ ಕೊಟ್ಟೀನಿ?”

ಏನ್ ಹೇಳ್ತೀರಿ ಇಂಥಾ ಮಾತಿಗೆ? ದಿನಾ ಸಂಜಿಗೆ ಇದ ಜಗಳಾ. ನಾನು ಎಣ್ಣಿ ಬಾಟ್ಲಿ ಹಿಡಕೊಂಡು ಹೋದ್ರ ಅಜ್ಜ ಸರಪಳಿ ತಬ್ಬಿಕೊಂಡು ಕುಂಡ್ರತಿದ್ರು.

ಅಲ್ಲಿದ್ದಾಗ ಸತ್ತಿ ಅನ್ನೂ ಊರಿನವ್ರು ಕನ್ಯಾ ನೋಡಾಕ ಬಂದ್ರು. ಬಂದದ್ದು ಸರಿ ಸಂಜಿ ಹೊತ್ತಿಗೆ. ನಾನು, ತಂಗಿ ಒಳಗ ತಯಾರಾಗಾಕತ್ತಿದ್ವಿ, ನಮ್ಮನಿಯವ್ರು ಹಾಲು ತರಾಕ ಹೋಗಿದ್ರು. ಹಾಲಿನ್ಯಾಗ ಅಜ್ಜ ಕಿರ್ರ ಕಿರ್ರ ಅಂತ ತೂಗಿಕೋಂತ ಕುಂತಿದ್ರು. ಬಂದವ್ರು ಇವರೇ ಹುಡುಗಿ ಅಜ್ಜ ಅಂತ ತಿಳದು ಕಾಲಿಗೆ ಬಿದ್ರು. ಅಜ್ಜ ಆಶೀರ್ವಾದ ಮಾಡಿದ್ರು. “ಹುಡುಗಿ ಸ್ವಭಾವ ಹೆಂಗ್ರಿ ಅಜ್ಜಾರ?” ಅಂತ ಕೇಳ್ಯಾರ. ನಾನು ಸೀರಿ ನಿರಿಗಿ ಹಿಡಕೊಂಡು ಹೊರಗ ಬರೂದರಾಗ ಅಜ್ಜನ ಉತ್ತರ ನಡದಿತ್ತು.

“ಹುಡುಗಿ ಬಂಗಾರ ಐತ್ರಿ, ಬಂಗಾರ. ಆದ್ರ ಆಕಿ ಅಕ್ಕ ಅದಾಳಲ್ಲ, ಭಾಳ ಜಗಳಗಂಟಿ. ನನ್ನಂಥಾ ಮುದುಕನ್ನ ಸುದ್ದಾ ಕುಂತಲ್ಲಿ ಕುಂಡ್ರಗೊಡಂಗಿಲ್ಲ. ನನ್ನ ಜೋಕಾಲಿ ಕಸಗೊಳ್ಳಾಕ ಹೊಂಚು ಹಾಕ್ಯಾಳ.”

ಸತ್ತಿಯವ್ರು ಚಹಾಕ್ಕೂ ನಿಲ್ಲಲಿಲ್ಲ. ಹುಡುಗನ ತಾಯಿ ಹೊಚ್ಚಲಾ ದಾಟುವಾಗ ನನ್ನ ಕಿವ್ಯಾಗ ಅಂದ್ಲು: “ಸ್ವಂತ ಅಜ್ಜನ್ನ ಹಿಂಗ ಕಾಡಬಾರದವ್ವಾ, ಪಾಪ ಹತ್ತತೈತಿ.”

ಕಾಗವಾಡದ ಕಪಾಟ

ಇದು ಸಣ್ಣದು. ಕಾಗವಾಡದ ಮಾಲಕಿಣಿ ಒಬ್ಬಾಕಿ ವಿಧವಾ ಹೆಣ್ಣಮಗಳು. ಗಡಿ ಊರು, ಕನ್ನಡ ಮರಾಠಿ ಎರಡೂ ನೀರು ಕುಡದಂಗ ಮಾತಾಡಾಕಿ. ತಿಂಗಳಾ ಬಾಡಗಿ ಇಸ್ಕೊಳ್ಳಾಕ ಬಂದಾಗ ಏನ್ ಚಂದ ಕನ್ನಡ ಅಂತೀರಿ! “ಹೆಂಗದೀರಿ ಬಾಯಾರ, ಆರಾಮ ಅದೀರಿಲ್ಲೋ?” ಅಂತ ಬಾಯಿ ತುಂಬ ಮಾತಾಡ್ತಿದ್ಲು.

ಆಕಿ ಮನಿ ಕಪಾಟಿನ ಬಾಗಲಾ ತಗದ್ರ ಕೈಯಾಗ ಬರತಿತ್ತು. ಅದನ್ನ ಹಗ್ಗಲೇ ಕಟ್ಟಿ, ಅದಕ್ಕೊಂದು ಖುರ್ಚಿ ಆನಿಸಿ ಇಟ್ಟಿದ್ವಿ. ತಂಗಿ ಚೊಲೊ ಸೀರಿ ಎಲ್ಲಾ ಅದರಾಗ, ಇಲಿ ಕಡದು ಹಾಕತಿದ್ವು. “ಕಪಾಟ ರಿಪೇರಿ ಮಾಡಸ್ರಿ” ಅಂದ ಕೂಡ್ಲೆ ಹೆಣ್ಣಮಗಳ ಮಾರಿ ಬದಲಾತು. “ಕಾಯ್ ಬೋಲತಾ ಬಾಯಿ? ಮಲಾ ಕಾನಡಿ ಯೇತ ನಾಹಿ” ಅಂದ್ಲು. ನನಗ ಕನ್ನಡ ಬರಂಗಿಲ್ಲ ಅಂತ! ಹಿಂದಿನ ಗಳಿಗ್ಯಾಗ ಕನ್ನಡದಾಗ ಬಾಡಗಿ ಇಸಗೊಂಡಾಕಿ!

ನನಗ ಹಟ ಬಂತು. ಸಾಲ್ಯಾಗ ಮರಾಠಿ ಕಲಸೂ ಬಾಯಾರ ಕಡೆ ಕುಂತು ಮಾತು ಕಲತೆ. ಕಲತದ್ದನ್ನ ಬಾಯಿಪಾಠ ಮಾಡಿ, ಮುಂದಿನ ತಿಂಗಳಾ ಬಾಡಗಿಗೆ ಬಂದಾಗ ಎದುರಿಗೆ ನಿಂತು ಖಣಖಣ ಹೇಳಿದೆ: “ಕಪಾಟಾಚಂ ದಾರ ತುಟಲಂಯ, ದುರುಸ್ತ ಕರೂನ ದ್ಯಾ!” ಕಪಾಟಿನ ಬಾಗಲಾ ಮುರದೈತಿ, ರಿಪೇರಿ ಮಾಡಿಸಿ ಕೊಡ್ರಿ ಅಂತ.

ಆಕಿ ನನ್ನ ಮಾರಿ ದಿಟ್ಟಿಸಿ ನೋಡಿದ್ಲು. ಆಮ್ಯಾಲ ಮೆತ್ತಗ, ಅಚ್ಚ ಕನ್ನಡದಾಗ ಅಂದ್ಲು: “ಬಾಯಾರ, ನಿಮ್ಮ ಮರಾಠಿ ನನಗ ಒಂದಕ್ಷರಾನೂ ತಿಳೀವಲ್ದು ನೋಡ್ರಿ.”

ರಾಯಬಾಗದ ಸೋಫಾ

ರಾಯಬಾಗಕ್ಕ ಬರೂದರಾಗ ತಂಗಿಗೆ ವಯಸ್ಸಾಗಾಕತ್ತಿತ್ತು ಅಂತ ಮಂದಿ ಅನ್ನಾಕ ಶುರು ಮಾಡಿದ್ರು. ಆಕಿ ನಗತಿದ್ಲು, ನನಗ ಒಳಗೊಳಗ ಬೆಂಕಿ. ಈ ಸಲ ಏನೇ ಆಗ್ಲಿ, ಮಾಲಕ್ರ ಸಾಮಾನಿನ ಸಲುವಾಗಿ ಸಂಬಂಧ ತಪ್ಪಗೊಡಬಾರದು ಅಂತ ನಿಶ್ಚಯ ಮಾಡಿದ್ದೆ.

ಮಾಲಕ್ರು ಕಬ್ಬಿನ ಹೊಲದ ದೊಡ್ಡ ಸಾವ್ಕಾರ್ರು, ನಮ್ಮ ಜಾತಿ ಪೈಕಿ ಮಂದಿನ. ಒಂದ ಕಂಪೌಂಡಿನ್ಯಾಗ ಮುಂದ ಅವರ ಮನಿ, ಹಿಂದ ನಮ್ಮದು. ನಮ್ಮ ಹಾಲಿನ್ಯಾಗ ಅವರದೊಂದು ಸೋಫಾ ಇತ್ತು. ರೆಕ್ಸಿನ್ ಹರದು ಒಳಗಿನ ತೆಂಗಿನ ನಾರು ಹೊರಗ ಬಂದಿತ್ತು, ಒಂದು ಸ್ಪ್ರಿಂಗ್ ಹಾವಿನ ಹೆಡಿ ಎತ್ತಿದಂಗ ಎದ್ದು ನಿಂತಿತ್ತು. ಮೊದಲ ಬಂದ ಬೀಗರ ಪೈಕಿ ಹುಡುಗನ ಕಾಕಾನ ಪ್ಯಾಂಟು ಆ ಸ್ಪ್ರಿಂಗಿಗೆ ಸಿಕ್ಕು ಹಿಂದಗಡೆ ಪರ್ರ ಅಂತ ಹರೀತು. ಆ ಮನಷ್ಯಾ ಪೇಪರ್ ಹಿಡಕೊಂಡು ಹಿಂದಹಿಂದಕ ನಡಕೋಂತ ಹೋದದ್ದು ಇನ್ನೂ ಕಣ್ಣಮುಂದ ಐತಿ. ಸಂಬಂಧಾನೂ ಅವರ ಹಿಂದ ಹೋತು.

ಅಂದಿನಿಂದ ಸಾವ್ಕಾರ್ರ ಬೆನ್ನ ಬಿಡಲಿಲ್ಲ ನಾನು.

“ಸಾವ್ಕಾರ್ರ, ಸೋಫಾ ಬದಲಿ ಮಾಡ್ರಿ.”

“ಕಬ್ಬು ಫ್ಯಾಕ್ಟರಿಗೆ ಹೋಗ್ಲಿ ಬಾಯಾರ, ಮಾಡೂಣಂತ.”

ಕಬ್ಬು ಹೋತು. ಮತ್ತ ಕೇಳಿದೆ. “ಮುಂದಿನ ಕಬ್ಬು ಹೋಗ್ಲಿ” ಅಂದ್ರು. ನೀರಿಗೆ ಹೋದಾಗ ಕೇಳಿದೆ, ಹಾಲಿಗೆ ಹೋದಾಗ ಕೇಳಿದೆ, ಅವರ ಮನಿ ಸತ್ಯನಾರಾಯಣ ಪೂಜಾದ ಪ್ರಸಾದ ಇಸಗೊಳ್ಳುವಾಗೂ ಕೇಳಿದೆ. ಉಗಾರ ಊರಿನ ಬೀಗರು ಬರ್ತಾರ ಅಂತ ಗೊತ್ತಾದ ಮ್ಯಾಲಂತೂ ಅವರ ಕಟ್ಟಿ ಮ್ಯಾಲ ಕುಂತೇ ಬಿಟ್ಟೆ. “ಆತು ತಗೋರಿ ಬಾಯಾರ, ಹೊಸಾ ಸೋಫಾ ತರಸ್ತೀನಿ” ಅಂದ್ರು.

ಮತ್ತ ತರಿಸಿದ್ರು ಕೂಡ! ಬೀಗರು ಬರೂ ದಿವಸ ಮುಂಜಾನೆ ಟ್ರ್ಯಾಕ್ಟರ್ ಟ್ರಾಲಿಯಾಗ ಹೊಸಾ ಸೋಫಾ ಬಂತು. ಅಂಗಡಿಯ ಪ್ಲಾಸ್ಟಿಕ್ ಹಂಗ ಇತ್ತು, ಒಳಗಿಂದ ಮೆಹಂದಿ ಬಣ್ಣದ ಮಖಮಲ್ ಥಳಾಥಳಾ ಹೊಳೀತಿತ್ತು. ಆಳುಗಳು ಹರಕ ಸೋಫಾ ಎತ್ತಿ ದನದ ಕೊಟ್ಟಿಗ್ಯಾಗ ಒಗದು ಬಂದ್ರು. ನನಗ ಕಣ್ಣಾಗ ನೀರ ಬಂತ್ರಿ. ಬೀಗರಿಗೆ ಅಂತ ಕಟ್ಟಿದ್ದ ಬೇಸನ್ ಉಂಡ್ಯಾಗ ಎರಡು ಸಾವ್ಕಾರ್ರಿಗೆ ಕೊಟ್ಟೆ.

ಇನ್ನ ಪ್ಲಾಸ್ಟಿಕ್ ತಗೀಬೇಕು ಅಂತ ಕೈ ಹಚ್ಚಿದೆ. “ಏ ಬಾಯಾರ! ಕೈ ಹಚ್ಚಬ್ಯಾಡ್ರಿ!” ಅಂತ ಸಾವ್ಕಾರ್ರ ಹೆಂಡ್ತಿ ಓಡಿ ಬಂದ್ಲು. “ಅದು ನಮ್ಮ ಮಗಳ ಮದುವ್ಯಾಗ ಕೊಡಾಕ ತಂದದ್ದು. ನಮ್ಮನ್ಯಾಗ ಗೊಬ್ಬರದ ಚೀಲ ಒಟ್ಟೀವಿ, ಜಾಗಾ ಇಲ್ಲ. ಇಲ್ಲೇ ಇರ್ಲಿ. ಯಾರೂ ಕುಂಡ್ರಬ್ಯಾಡ್ರಿ ಮತ್ತ.”

“ಮಗಳಿಗೆ ವರಾ ಗೊತ್ತಾಗೈತೇನ್ರಿ?”

“ಇನ್ನೂ ಎಲ್ಲಿದ್ರಿ? ವರ್ಷಾ ಕಬ್ಬು ಹೋದಾಗೊಮ್ಮೆ ಒಂದೊಂದು ಸಾಮಾನು ಮಾಡಿ ಇಟ್ರ ಛಲೋ ಅಲ್ರಿ?”

ನಮ್ಮ ಕಡೆ ಪದ್ಧತಿನ ಹಂಗ. ಹುಡುಗಿ ದೊಡ್ಡಾಕಿ ಆದ್ಲಂದ್ರ ಹುಡುಗ ಸಿಗೂಕಿಂತ ಮೊದಲ ಕೊಡೂ ಸಾಮಾನು ಒಂದೊಂದಾಗಿ ಮನಿಗೆ ಬಂದು ಕುಂಡ್ರತಾವು. ಸಾವ್ಕಾರ್ರ ಕಡೆ ತಿರಗಿ ನೋಡಿದೆ. ಅವ್ರು ಉಂಡಿ ತಿಂದು ಕೈ ಝಾಡಿಸಿಕೊಂಡು ಹೊಂಟೇ ಹೋಗಿದ್ರು.

ಬೀಗರು ಬಂದ್ರು, ಹುಡುಗ, ತಂದಿ, ತಾಯಿ. ಹಾಲಿನ್ಯಾಗ ಹೊಳಿಯೂ ಸೋಫಾ, ಕೆಳಗ ಚಾಪಿ. ಎಲ್ಲಾರೂ ಚಾಪಿ ಮ್ಯಾಲ ಕುಂತ್ರು. ಸಾವ್ಕಾರ್ರ ಹೆಂಡ್ತಿ ಬಾಗಲಾಗ ಕಾವಲಾ ನಿಂತ್ಲು. ನನಗ ನೆಲಾ ಬಾಯಿಬಿಡಬಾರದಾ ಅನಿಸಿತ್ತು. ಆದ್ರ ಬೀಗರ ಮಾರಿ ನೋಡ್ತೀನಿ, ಮೂರೂ ಮಂದಿ ಹೂವಿನಂಗ ಅರಳ್ಯಾರ! ಹುಡುಗನ ತಾಯಿ ಸೋಫಾದ ಪ್ಲಾಸ್ಟಿಕ್ ಸವರಿದ್ಲು. ತಂದಿ ಎದ್ದು ಗೇಣು ಹಾಕಿ ಅದರ ಉದ್ದ ಅಳದ್ರು. “ಕಿಡಕಿ ಕೆಳಗ ಬರೊಬ್ಬರಿ ಹಿಡೀತೈತಲೇ” ಅಂತ ಮಗನಿಗೆ ಹೇಳಿದ್ರು. ಮಗಾ ತಲಿ ಅಲ್ಲಾಡಿಸಿದ.

ನನ್ನ ತಂಗಿ ಎದುರಿಗೆ ಅವಲಕ್ಕಿ ತಾಟು ಹಿಡಕೊಂಡು ನಿಂತಾಳ. ಆಕಿಗೆ ಹೆಸರ ಕೇಳಲಿಲ್ಲ, ಓದು ಕೇಳಲಿಲ್ಲ. ಹುಡುಗನ ತಾಯಿ ಅಂದ್ಲು: “ನಮಗ ಪಸಂದ ಐತ್ರಿ ಬಾಯಾರ. ಎಲ್ಲಾ ತಯಾರ ಮಾಡಿ ಇಟ್ಟೀರಿ. ಹಿಂಗ ಇರಬೇಕು ಮಂದಿ.”

ಆಗ ತಿಳೀತು ನನಗ. ಕೊಡೂ ಸಾಮಾನು ಅಂತ ತಿಳದಾರ! ನಮ್ಮನಿಯವ್ರು ಸುಮ್ಮನಿರು ಅಂತ ಕಣ್ಣಿಲೇ ಸನ್ನಿ ಮಾಡಿದ್ರು. ತಂಗಿ ಮಾರಿ ನೋಡಿದೆ. ಸುಮ್ಮನಿದ್ರ ಲಗ್ನ ಗೊತ್ತಾಗ್ತಿತ್ತು. ಆದ್ರ ನನ್ನ ಬಾಯಿ ಸುಮ್ಮನಿರೂದೇನ್ರಿ? ಹೊಟ್ಯಾಗಿನ ಸಿಟ್ಟೆಲ್ಲಾ ಹೊರಗ ಬಂತು.

“ನೀವು ಪಸಂದ ಮಾಡಿದ್ದು ಹುಡುಗಿನೋ, ಸೋಫಾನೋ? ಸೋಫಾ ಆದ್ರ ಅದು ನಮ್ಮದಲ್ರಿ. ಮಾಲಕ್ರದು. ಅವರ ಮಗಳಿಗೆ ಕೊಡಾಕ ತಂದಾರ.”

ಹುಡುಗನ ತಾಯಿ ನನ್ನ ನೋಡಿದ್ಲು, ತಂಗಿನ್ನ ನೋಡಿದ್ಲು, ಸೋಫಾ ನೋಡಿದ್ಲು. ಆಮ್ಯಾಲ ಮೆಲ್ಲಕ ಬಾಗಲಾಗ ನಿಂತಾಕಿ ಕಡೆ ತಿರಗಿದ್ಲು.

“ಅಕ್ಕಾರ, ನಿಮ್ಮ ತವರಮನಿ ಯಾವೂರ್ರಿ?”

ಮುಗೀತಲ್ಲ! ತವರಮನಿ, ಬಳಗ, ಸ್ವಾದರಮಾವ ಅಂತ ಮಾತಿಗೆ ಮಾತು ಹತ್ತಿ, ನಮ್ಮ ಅವಲಕ್ಕಿ ತಿಂದು, ನಮ್ಮ ಉಂಡಿ ತಿಂದು, ನಮ್ಮ ಚಹಾ ಕುಡದು, ಮೂರೂ ಮಂದಿ ಎದ್ದು ಮುಂದಿನ ಮನಿಗೆ ಕನ್ಯಾ ನೋಡಾಕ ಹ್ವಾದ್ರು. ನನಗ ಅಳು ಬಂತು. ತಂಗಿ ಖಾಲಿ ತಾಟು ಕೆಳಗಿಟ್ಟು, ಹೋಗಿ ಆ ಸೋಫಾದ ಮ್ಯಾಲ ಕಾಲು ಮಡಚಿಕೊಂಡು ಕುಂತ್ಲು. ಹೊಟ್ಟಿ ಹಿಡಕೊಂಡು ನಗಾಕತ್ಲು. “ಬಿಡ ಅಕ್ಕಾ, ಗೇಣು ಹಾಕಿ ಅಳಿಯೂ ಮನ್ಯಾಗ ನಾ ಹೆಂಗ ಹಿಡಸ್ತಿದ್ದೆ?” ಅಂದ್ಲು. ಪ್ಲಾಸ್ಟಿಕ್ ಚರಚರ ಅಂತು.

ಅದೇ ಹುಡುಗನ ಜೋಡಿ ಸಾವ್ಕಾರ್ರ ಮಗಳ ಮದುವಿ ಆತು. ಸೋಫಾ ಟ್ರಾಲಿ ಏರಿ ಉಗಾರಕ್ಕ ಹೋತು. ಅದರ ಒಂದು ತುದಿ ನಮ್ಮನಿಯವರ ಕಡೆಯಿಂದನ ಎತ್ತಿಸಿದ್ರು. ಖಾಲಿ ಆದ ನಮ್ಮ ಹಾಲಿಗೆ ಆಳುಗಳು ಕೊಟ್ಟಿಗ್ಯಾಗಿನ ಹರಕ ಸೋಫಾ ಹೊತ್ತು ತಂದು ಇಟ್ರು. ಸ್ಪ್ರಿಂಗಿಗೆ ಹುಲ್ಲು ಸಿಕ್ಕಿತ್ತು, ಮ್ಯಾಲ ಸೆಗಣಿ ಒಣಗಿತ್ತು. ಸಾವ್ಕಾರ್ರು ಪೇಢೆ ಬಾಕ್ಸ್ ಹಿಡಕೊಂಡು ನಕ್ಕೋಂತ ಬಂದ್ರು.

“ಎಲ್ಲಾ ನಿಮ್ಮ ಪುಣ್ಯಾಲೇ ಆತ್ರಿ ಬಾಯಾರ. ಇನ್ನರ ಸಿಟ್ಟು ಬಿಡ್ರಿ, ನೀವು ಹೇಳಿದ್ದ ಮಾಡೀನಲ್ಲ?”

“ಏನ್ ಮಾಡೀರಿ ಸಾವ್ಕಾರ್ರ?” ಅಂತ ಕೂಗಿದೆ, ಓಣಿ ಮಂದಿಗೆಲ್ಲ ಕೇಳೂವಂಗ. “ನಾ ಬದಲಿ ಮಾಡ್ರಿ ಅಂದದ್ದು ಸೋಫಾ! ಹುಡುಗಿನ್ನಲ್ಲ!”